ಕಲ್ಲಿದ್ದಲು ಪದರಕ್ಕೆ ಗಾಳಿ ಬಿಟ್ಟು ನೋಡೋ ಟೆಸ್ಟಿಂಗ್ ಸರ್ವಿಸ್: ಫೀಲ್ಡ್‌ಗೆ ಕರೀರಿ, ರಿಪೋರ್ಟ್ ಮಾತ್ರ ನೀವೇ ಬರ್ಕೊಳ್ಳಿ

ಮೊಬೈಲ್ ಕವರ್‌ಗೆ ಸಾವಿರಗಟ್ಟಲೆ ರಿವ್ಯೂ ಸಿಗುತ್ತೆ, ಕಲ್ಲಿದ್ದಲು ಪದರದೊಳಗೆ ಗ್ಯಾಸ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆದುಕೊಡೋ ಸರ್ವಿಸ್‌ಗೆ ಹುಡುಕಿದ್ರೂ ಒಂದು ಸಿಗಲ್ಲ, ಅದೂ ಕನ್ನಡದಲ್ಲಂತೂ ಕೇಳೋದೇ ಬೇಡ. ತಗೊಳ್ಳೋ ಗಿರಾಕಿಗಳೇ ದೇಶದಲ್ಲಿ ಬೆರಳೆಣಿಕೆ ಬಿಡಿ. ಆದ್ರೆ ಮೈನಿಂಗು ಜಿಯಾಲಜಿ ಓದಿ ಧನ್‌ಬಾದ್, ರಾಂಚಿ, ಅಸನ್ಸೋಲ್ ಕಡೆ ಕೆಲಸಕ್ಕೆ ಸೇರಿರೋ ನಮ್ಮ ಕಡೆ ಹುಡುಗರು ಇದ್ದಾರೆ, ಇಂಥ ವರ್ಕ್ ಆರ್ಡರ್‌ಗೆ ಸೈನ್ ಹಾಕೋ ಸರದಿ ನಾಳೆ ಅವರಿಗೂ ಬರಬಹುದು, ಅದಕ್ಕೇ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ, ಬ್ಲಾಕ್ ಹೆಸರೂ ಹಾಕಲ್ಲ, ರಾಣಿಗಂಜ್ ಕೋಲ್‌ಫೀಲ್ಡ್ ಕಡೆ ಒಂದು ಪ್ರೈವೇಟ್ ಸ್ಟಡಿ ಅಂತ ಅಂದ್ಕೊಳ್ಳಿ. ಈ ಲೈನಲ್ಲಿ ಸರ್ವಿಸ್ ಕೊಡೋರು ಎಲ್ಲರೂ ಹೆಚ್ಚು ಕಡಿಮೆ ಒಂದೇ ಪ್ಯಾಕೇಜ್ ಮಾರ್ತಾರೆ, ಹಾಗಾಗಿ ಹೆಸರಿಲ್ಲದಿದ್ರೂ ಉಪಯೋಗಕ್ಕೆ ಬರುತ್ತೆ.

ಮೊದಲು ಇದು ಯಾಕೆ ಬೇಕು ಅನ್ನೋದು. ಅಂಡರ್‌ಗ್ರೌಂಡ್ ಕೋಲ್ ಗ್ಯಾಸಿಫಿಕೇಶನ್ ಅಂದ್ರೆ ಕಲ್ಲಿದ್ದಲನ್ನ ಅಗೆದು ಮೇಲೆ ತರದೆ, ಭೂಮಿ ಒಳಗೇ ಅರೆಬರೆ ಸುಟ್ಟು ಗ್ಯಾಸ್ ಮಾಡಿ ತೆಗೆಯೋದು. ಒಂದು ಬಾವಿಯಿಂದ ಗಾಳಿ ಅಥವಾ ಆಕ್ಸಿಜನ್ ಒಳಗೆ ಕಳಿಸ್ತಾರೆ, ಇನ್ನೊಂದು ಬಾವಿಯಿಂದ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲ ಸೇರಿದ ಗ್ಯಾಸ್ ಮೇಲೆ ಬರುತ್ತೆ. ಐಡಿಯಾ ಹೊಸದೇನಲ್ಲ, 1888ರಲ್ಲೇ ಮೆಂಡಲೀವ್ ಇದನ್ನ ಹೇಳಿದ್ದ, ಅದೇ ಪೀರಿಯಾಡಿಕ್ ಟೇಬಲ್ ಮೆಂಡಲೀವ್. ಸೋವಿಯತ್‌ನೋರು 1930ರ ದಶಕದಿಂದಲೇ ಕೈ ಹಾಕಿದ್ರು, ಉಜ್ಬೇಕಿಸ್ತಾನದ ಅಂಗ್ರೆನ್‌ನಲ್ಲಿ 1961ರಲ್ಲಿ ಶುರುವಾದ ಪ್ಲಾಂಟ್ ದಶಕಗಟ್ಟಲೆ ಪವರ್ ಸ್ಟೇಶನ್‌ಗೆ ಗ್ಯಾಸ್ ಕೊಟ್ಟಿದೆ. ನಮ್ಮಲ್ಲಿ 2024ರ ಜೂನ್‌ನಲ್ಲಿ ಜಾರ್ಖಂಡ್‌ನ ಜಾಮ್‌ತಾಡಾ ಜಿಲ್ಲೆಯ ಕಾಸ್ತಾ ಬ್ಲಾಕ್‌ನಲ್ಲಿ ಈಸ್ಟರ್ನ್ ಕೋಲ್‌ಫೀಲ್ಡ್ಸ್‌ನೋರು ಪೈಲಟ್ ಶುರು ಮಾಡಿದ್ರು, ಜೊತೆಗೆ ಕೋಲ್ ಇಂಡಿಯಾದ ಪ್ಲಾನಿಂಗ್ ಸಂಸ್ಥೆ ರಾಂಚಿಯ ಸಿಎಂಪಿಡಿಐ ಮತ್ತೆ ಕೆನಡಾದ ಎರ್ಗೋ ಎಕ್ಸರ್ಜಿ ಅನ್ನೋ ಕಂಪನಿ. ಮೊದಲ ಹಂತ ಅಂತ ಅವರು ಶುರು ಮಾಡಿದ್ದೂ ಬೋರ್‌ಹೋಲ್ ಕೊರೆದು ಕೋರ್, ಅಂದ್ರೆ ಕೊರೆದಾಗ ಇಡಿಯಾಗಿ ಮೇಲೆ ಬರೋ ಕಲ್ಲಿನ ಕಂಬ, ಟೆಸ್ಟ್ ಮಾಡೋ ಕೆಲಸವೇ, ಬೆಂಕಿ ಹಚ್ಚೋದು ಆಮೇಲಿನ ಮಾತು. ನಾನು ಹೇಳ್ತಿರೋದು ಆ ಪ್ರಾಜೆಕ್ಟ್ ಬಗ್ಗೆ ಅಲ್ಲ, ಆ ಥರದ ಕೆಲಸಕ್ಕೆ ಮುಂಚೆ ಮಾಡ್ಬೇಕಾದ ಟೆಸ್ಟಿಂಗ್ ಬಗ್ಗೆ.

ಬೆಂಕಿ ಹಚ್ಚೋಕೆ ಮುಂಚೆ ಒಂದು ಬಾವಿಯಿಂದ ಇನ್ನೊಂದಕ್ಕೆ ಗಾಳಿ ಹೋಗುತ್ತಾ, ಹೋದ್ರೆ ಯಾವ ದಿಕ್ಕಿಗೆ, ಎಷ್ಟು ಪ್ರೆಶರ್‌ಗೆ ಎಷ್ಟು, ಅಷ್ಟೂ ಗೊತ್ತಿರ್ಬೇಕು. ಕಲ್ಲಿದ್ದಲಿನ ಗಟ್ಟಿ ಭಾಗದಲ್ಲಿ ಗ್ಯಾಸ್ ಹರಿಯೋದು ಅಷ್ಟಕ್ಕಷ್ಟೇ, ಹರಿಯೋದೆಲ್ಲ ಅದರೊಳಗಿನ ಸಣ್ಣ ಸಣ್ಣ ಬಿರುಕಲ್ಲಿ, ಅದಕ್ಕೆ ಕ್ಲೀಟ್ ಅಂತಾರೆ. ಉದ್ದುದ್ದ ಹೋಗೋದು ಫೇಸ್ ಕ್ಲೀಟ್, ಅದಕ್ಕೆ ಅಡ್ಡ ಬಂದು ನಿಲ್ಲೋದು ಬಟ್ ಕ್ಲೀಟ್. ಫೇಸ್ ಕ್ಲೀಟ್ ದಿಕ್ಕಲ್ಲಿ ಹರಿವು ಜಾಸ್ತಿ, ಅಡ್ಡಕ್ಕೆ ಕಡಿಮೆ, ಕೆಲವು ಕಡೆ ವ್ಯತ್ಯಾಸ ಹಲವು ಪಟ್ಟು. ಲ್ಯಾಬ್‌ನಲ್ಲಿ ಮುಷ್ಟಿ ಗಾತ್ರದ ಕೋರ್ ತುಂಡು ಇಟ್ಕೊಂಡು ಪರ್ಮಿಯಬಿಲಿಟಿ, ಅಂದ್ರೆ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ, ಮಿಲಿಡಾರ್ಸಿ ಅನ್ನೋ ಅಳತೇಲಿ ಲೆಕ್ಕ ಹಾಕಿದ್ರೆ ಫೀಲ್ಡ್‌ಗೆ ಅದು ಕೂರಲ್ಲ, ಆ ತುಂಡಲ್ಲಿ ದೊಡ್ಡ ಬಿರುಕು ಇರಲ್ಲ, ಇದ್ದಿದ್ರೆ ತುಂಡೇ ಮುರಿದು ಲ್ಯಾಬ್‌ಗೆ ಬರ್ತಿರಲಿಲ್ಲ! ಜೊತೆಗೆ ಮೇಲಿನ ಭಾರ ಹೋದ ಮೇಲೆ ಕ್ಲೀಟ್ ಬಾಯಿ ಬಿಡುತ್ತೆ, ಒಳಗಿದ್ದಾಗಿನ ಲೆಕ್ಕ ಸಿಗಲ್ಲ. ಅದಕ್ಕೇ ಫೀಲ್ಡ್ ಟೆಸ್ಟ್.

ಪ್ಯಾಕೇಜ್‌ನಲ್ಲಿ ಏನೇನಿತ್ತು ಅಂದ್ರೆ ಎಚ್‌ಕ್ಯೂ ಸೈಜ್ ಹೋಲ್‌ಗೆ ಅಂದ್ರೆ 96 ಮಿಲಿಮೀಟರ್ ಬೋರ್‌ಗೆ ಕೂರೋ ಗಾಳಿ ತುಂಬೋ ಪ್ಯಾಕರ್ ಒಂದು ಜೋಡಿ, ಒತ್ತಡ ಅಳೆದು ಉಳಿಸ್ಕೊಳ್ಳೋ ಮೆಮೊರಿ ಗೇಜ್, ನೈಟ್ರೋಜನ್ ಸಿಲಿಂಡರ್ ಬ್ಯಾಂಕ್, ಕಂಪ್ರೆಸರ್, ಫ್ಲೋ ಅಳೆಯೋ ಆರಿಫಿಸ್ ಮೀಟರ್, ಗ್ಯಾಸ್ ಡಿಟೆಕ್ಟರ್, ಹೀಲಿಯಂ ಟ್ರೇಸರ್ ಬೇಕಂದ್ರೆ ಎಕ್ಸ್‌ಟ್ರಾ. ಆಮೇಲೆ ರೀಡಿಂಗ್‌ಗಳಿಗೆ ಅರ್ಥ ಹೇಳೋ ಇಂಟರ್‌ಪ್ರಿಟೇಶನ್ ರಿಪೋರ್ಟ್, ಅದರ ಕಥೆಗೆ ಕೊನೇಲಿ ಬರ್ತೀನಿ.

ಫೀಲ್ಡ್ ಕ್ರೂ ಬಗ್ಗೆ ಮೊದಲು ಹೊಗಳಿಬಿಡ್ತೀನಿ, ನಿಜವಾಗ್ಲೂ ಹೊಗಳಿಕೆಗೆ ಯೋಗ್ಯರು. ಪ್ಯಾಕರ್ ಅಂದ್ರೆ ಹೋಲ್ ಒಳಗೆ ಉಬ್ಬಿ ಗೋಡೆಗೆ ಅಂಟ್ಕೊಂಡು ಮೇಲೆ ಕೆಳಗೆ ಸೀಲ್ ಮಾಡೋ ರಬ್ಬರ್. ಅದನ್ನ ಕಲ್ಲಿದ್ದಲಿನ ಮೇಲೇ ಕೂರಿಸಿದ್ರೆ ಗೋಡೆ ಪುಡಿ ಆಗಿರುತ್ತೆ, ಪಕ್ಕದಿಂದ ಗ್ಯಾಸ್ ಸೋರುತ್ತೆ, ಸೋರಿದ್ದೆಲ್ಲ ಪದರದೊಳಗೆ ಹೋಯ್ತು ಅಂತ ಲೆಕ್ಕಕ್ಕೆ ಬಿದ್ದು ಪರ್ಮಿಯಬಿಲಿಟಿ ಸುಮ್ಸುಮ್ನೆ ಜಾಸ್ತಿ ಕಾಣುತ್ತೆ. ಇವರು ಬಂದ ದಿನವೇ ಕ್ಯಾಲಿಪರ್ ಲಾಗ್, ಅಂದ್ರೆ ಹೋಲ್ ಎಲ್ಲೆಲ್ಲಿ ಎಷ್ಟು ಅಗಲ ಇದೆ ಅನ್ನೋ ದಾಖಲೆ, ಕೇಳಿದ್ರು. ನಮ್ಮ ಸೈಟ್ ಮ್ಯಾನೇಜರ್ 'ಡ್ರಿಲ್ಲರ್ ಹೇಳಿದಾನಲ್ಲ ಹೋಲ್ ಚೆನ್ನಾಗಿದೆ ಅಂತ' ಅಂದ್ರೆ ಕ್ರೂ ಚೀಫು ಚಾ ಕುಡೀತಾ ನಕ್ಕು ಕೂತ, ಲಾಗ್ ಕೈಗೆ ಬರೋವರೆಗೂ ಪೈಪ್ ಇಳಿಸಲಿಲ್ಲ. ಲಾಗ್ ನೋಡಿದ್ರೆ ಪದರದ ಮೇಲ್ಭಾಗದಲ್ಲಿ ಹೋಲ್ ಹಿಗ್ಗಿತ್ತು. ಮೇಲಿನ ಪ್ಯಾಕರ್‌ನ ಪದರದ ಮೇಲಿರೋ ಮರಳುಗಲ್ಲಿನ ಗಟ್ಟಿ ಜಾಗಕ್ಕೆ ಎತ್ತಿ ಕೂರಿಸಿದ್ರು, ಕೆಳಗಿಂದನ್ನ ಕೆಳಗಿನ ಕಲ್ಲಿಗೆ. ಹೀಲಿಯಂ ಹಾಕಿ ಸೀಲ್ ಸೋರ್ತಿದೆಯಾ ಅಂತ ಮೇಲ್ಗಡೆ ಚೆಕ್ಕೂ ಮಾಡಿದ್ರು. ಈ ಒಂದು ಕೆಲಸಕ್ಕೇ ಎರಡು ಸ್ಟಾರ್ ಕೊಡ್ಬೋದು.

ಇನ್ನೊಂದು ಒಳ್ಳೇದು, ನೈಟ್ರೋಜನ್. ಕೆಲವರು ಖರ್ಚು ಉಳಿಸೋಕೆ ನೇರ ಗಾಳಿನೇ ತುಂಬ್ತಾರೆ. ಕಲ್ಲಿದ್ದಲಿಗೆ ಗಾಳಿ ಕೊಟ್ಟು ಬಿಟ್ಟುಬಿಟ್ರೆ ಆಕ್ಸಿಜನ್ ಹೀರ್ಕೊಂಡು ತಾನೇ ಬಿಸಿ ಆಗುತ್ತೆ, ಅದಕ್ಕೆ ಬೆಂಕಿಪೊಟ್ಟಣ ಬೇಕಿಲ್ಲ. ಪಕ್ಕದ ಝರಿಯಾದಲ್ಲಿ 1916ರಿಂದ ಉರೀತಿರೋದು ಎಲ್ಲರಿಗೂ ಗೊತ್ತಿರೋದೇ. ಇವರು ಒಂಟಿ ಬಾವಿ ಟೆಸ್ಟ್ ಪೂರ್ತಿ ನೈಟ್ರೋಜನ್‌ನಲ್ಲೇ ಮಾಡಿದ್ರು, ಎರಡು ಬಾವಿ ನಡುವಿನ ಟೆಸ್ಟ್‌ಗೆ ಮಾತ್ರ ಗಾಳಿ, ಅದೂ ಆಚೆ ಬಾವಿ ಬಾಯಲ್ಲಿ ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ಇಟ್ಟು ರೀಡಿಂಗ್ ಬರ್ಕೊಳ್ತಾ, ಮುಗಿದ ಮೇಲೆ ಮತ್ತೆ ನೈಟ್ರೋಜನ್ ಬಿಟ್ಟು ಪದರ ತೊಳೆದು ಮುಚ್ಚಿದ್ರು. ಆಚೆ ಕಡೆ ಬರೋ ಗಾಳೀಲಿ ಆಕ್ಸಿಜನ್ 21 ಪರ್ಸೆಂಟ್‌ಗಿಂತ ಎಷ್ಟು ಕಡಿಮೆ ಆಗಿದೆ ಅಂತನೂ ನೋಟ್ ಮಾಡಿದ್ರು. ಅದು ಬರೀ ಸೇಫ್ಟಿ ಲೆಕ್ಕ ಅಲ್ಲ, ಗಾಳಿ ನಿಜವಾಗ್ಲೂ ಕಲ್ಲಿದ್ದಲು ಮುಟ್ಕೊಂಡೇ ಬಂತಾ ಇಲ್ಲ ಮೇಲಿನ ಮರಳುಗಲ್ಲಲ್ಲಿ ಸುತ್ತಾಕ್ಕೊಂಡು ಬಂತಾ ಅನ್ನೋದಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಇಲ್ಲ.

ಕಂಪ್ರೆಸರ್ ನೋಡ್ಕೊಳ್ತಿದ್ದವರು ತಮಿಳುನಾಡಿನ ತಿರುಚೆಂಗೋಡಿನ ಕಡೆಯೋರು. ಬೋರ್‌ವೆಲ್ ಲಾರಿ ಜೊತೆ ಚಿಕ್ಕಬಳ್ಳಾಪುರ ಕೋಲಾರ ಕಡೆ ವರ್ಷಗಟ್ಟಲೆ ಸುತ್ತಿದ್ದಾರಂತೆ, ಕನ್ನಡ ನನಗಿಂತ ಚೆನ್ನಾಗಿ ಬೈತಾರೆ. ಎರಡು ಬಾವಿ ಟೆಸ್ಟ್ ಶುರು ಆದಾಗ ನಮ್ಮ ಟ್ರೇನಿ ಹುಡುಗ ಇದೇನು ಸರ್ಕಸ್ಸು ಅಂತ ಕೇಳಿದ್ದಕ್ಕೆ ಅವರೇ ಹೇಳಿದ್ದು, 'ಏನಿಲ್ಲ ಸಾರ್, ನಮ್ ಕಡೆ ಒಬ್ರ ಬೋರ್‌ಗೆ ಫ್ಲಶಿಂಗ್ ಹೊಡ್ದಾಗ ಪಕ್ಕದ್ ತೋಟದ್ ಬೋರಲ್ಲಿ ನೀರು ಎಗರಿ ಜಗಳ ಆಗಲ್ವಾ, ಅದೇ ಇದು, ಇಲ್ಲಿ ಜಗಳದ ಬದಲು ಮೀಟರ್ ಇಟ್ಟವ್ರೆ ಅಷ್ಟೇ.' ಇದಕ್ಕಿಂತ ಚೆನ್ನಾಗಿ ನಾನು ಹೇಳಕ್ಕಾಗಲ್ಲ. 'ಅಣ್ಣ, ಪ್ರೆಶರ್ ಏರಿಸ್ಬೇಡಿ ಇನ್ನು' ಅಂದ್ರೆ 'ಏರ್ಸಲ್ಲ ಸಾರ್, ಕಲ್ಲು ಸೀಳ್ಬಿಟ್ರೆ ಟೆಸ್ಟೇ ಹೋಯ್ತು' ಅಂತ ಅವರೇ ಹೇಳೋರು.

ಆ ಮಾತು ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಈ ಟೆಸ್ಟ್‌ನ ಜೀವ ಇರೋದೇ ಅಲ್ಲಿ. ಒಂದು ಪದರ 200 ಮೀಟರ್ ಆಳದಲ್ಲಿದೆ, ನೀರಿನ ಮಟ್ಟ 20 ಮೀಟರ್‌ನಲ್ಲಿದೆ ಅಂದ್ಕೊಳ್ಳಿ. 10 ಮೀಟರ್ ನೀರಿಗೆ ಹತ್ರ ಹತ್ರ 1 ಬಾರ್, ಅಂದ್ರೆ ಪದರದೊಳಗೆ ಆಗ್ಲೇ 18 ಬಾರ್ ನೀರಿನ ಒತ್ತಡ ಇದೆ. ಅದಕ್ಕಿಂತ ಕಡಿಮೆ ಪ್ರೆಶರ್‌ನಲ್ಲಿ ಗಾಳಿ ಬಿಟ್ರೆ ಒಳಗೇ ಹೋಗಲ್ಲ, ಒಂದೋ ಮೊದಲು ನೀರು ಪಂಪ್ ಮಾಡಿ ಇಳಿಸ್ಬೇಕು ಇಲ್ಲ ಜಾಸ್ತಿ ಒತ್ತಬೇಕು. ಜಾಸ್ತಿ ಒತ್ತುತಾ ಹೋದ್ರೆ ಒಂದು ಹಂತದಲ್ಲಿ ಪದರವೇ ಸೀಳುತ್ತೆ, ಆಗ ಫ್ಲೋ ದಿಢೀರ್ ಅಂತ ಏರಿಬಿಡುತ್ತೆ, ಮ್ಯಾನೇಜ್‌ಮೆಂಟ್ ಖುಷಿಯಾಗುತ್ತೆ, ಆದ್ರೆ ನೀವು ಅಳೀತಿರೋದು ದೇವರು ಮಾಡಿದ ಕ್ಲೀಟ್ ಅಲ್ಲ, ನೀವೇ ಮಾಡಿದ ಬಿರುಕು. ಈ ಎರಡರ ನಡುವಿನ ಕಿಟಕಿಯಲ್ಲೇ ಟೆಸ್ಟ್ ಮಾಡ್ಬೇಕು. ಇವರು ಮುಖ್ಯ ಬಾವಿಗಳನ್ನ ಮುಟ್ಟದೆ, ದೂರದ ಒಂದು ಹೋಲ್‌ನಲ್ಲಿ ನೀರು ಬಿಟ್ಟು ರೇಟ್ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಎಲ್ಲಿ ಸೀಳುತ್ತೆ ಅಂತ ಮೊದಲೇ ನೋಡ್ಕೊಂಡ್ರು. ಆ ಹೋಲ್ ಹಾಳಾಯ್ತು ನಿಜ, ಆದ್ರೆ ಆ ದುಡ್ಡು ದಂಡ ಅಲ್ಲ.

ಯಾಕೆ ದಂಡ ಅಲ್ಲ ಅಂತ ಕೇಳೋರು ಆಸ್ಟ್ರೇಲಿಯಾದ ಚಿಂಚಿಲ್ಲಾ ಕಥೆ ಓದ್ಬೇಕು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲಿಂಕ್ ಎನರ್ಜಿ ಅನ್ನೋ ಕಂಪನಿ 1999ರಿಂದ ಅಲ್ಲಿ ಕಲ್ಲಿದ್ದಲನ್ನ ಒಳಗೇ ಗ್ಯಾಸ್ ಮಾಡ್ತಿತ್ತು. ಒಳಗಿನ ಪ್ರೆಶರ್ ಹದ್ದು ಮೀರಿ ಕಲ್ಲು ಬಿರುಕು ಬಿಟ್ಟು ಗ್ಯಾಸ್ ಆಚೆ ಹೋಯ್ತು ಅಂತ ಕೇಸ್ ಆಗಿ, 2018ರಲ್ಲಿ ಕೋರ್ಟು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕ್ತು. ಸುತ್ತಮುತ್ತ ರೈತರಿಗೆ 2 ಮೀಟರ್‌ಗಿಂತ ಆಳ ಅಗೀಬೇಡಿ ಅಂತ ಸರ್ಕಾರ ಹೇಳಿತ್ತು, 2016ರಲ್ಲಿ ಇಡೀ ರಾಜ್ಯದಲ್ಲೇ ಈ ತಂತ್ರಜ್ಞಾನ ಬ್ಯಾನ್. ಅಮೆರಿಕದ ವ್ಯೋಮಿಂಗ್‌ನಲ್ಲಿ ಹೋ ಕ್ರೀಕ್ ಅಂತ ಜಾಗ, 1976ರಿಂದ 79ರವರೆಗೆ ಅಲ್ಲಿ ಪ್ರಯೋಗ ಮಾಡಿ ಅಂತರ್ಜಲಕ್ಕೆ ಬೆಂಜೀನ್, ಫಿನಾಲ್ ಸೇರಿಸಿ ಕೂತ್ರು. ಅದೇ ರಾಜ್ಯದ ಹ್ಯಾನಾದಲ್ಲಿ ಅದೇ ದಶಕದಲ್ಲಿ ಮಾಡಿದ್ದು ಚೆನ್ನಾಗೇ ಆಯ್ತು. ಒಳಗಿನ ಪ್ರೆಶರ್ ಸುತ್ತಲಿನ ನೀರಿನ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇಟ್ರೆ ನೀರು ಒಳಗೆ ಬರುತ್ತೆ, ಗ್ಯಾಸ್ ಹೊರಗೆ ಹೋಗಲ್ಲ. ಈ ಲೈನ್ ಎಲ್ಲಿದೆ ಅಂತ ಗೊತ್ತಾಗೋದೇ ಇಂಥ ಟೆಸ್ಟ್‌ಗಳಿಂದ, ಹಾಗಾಗಿ ಇದನ್ನ ಕಾಟಾಚಾರಕ್ಕೆ ಮಾಡಿಸೋರ ಮೇಲೆ ನನಗೆ ಸಿಟ್ಟು.

ಸರಿ ಈಗ ಬೈಗುಳ. ಮೊದಲನೇದು ಬಂದ್ ಮಾಡೋ ವಾಲ್ವ್. ಗ್ಯಾಸ್ ಒಳಗೆ ತುಂಬಿ, ನಿಲ್ಲಿಸಿ, ಪ್ರೆಶರ್ ಹೇಗೆ ಇಳಿಯುತ್ತೆ ಅಂತ ನೋಡೋದೇ ಟೆಸ್ಟ್‌ನ ಅರ್ಧ ಭಾಗ, ಫಾಲ್‌ಆಫ್ ಅಂತಾರೆ. ಇವರ ಸ್ಟ್ಯಾಂಡರ್ಡ್ ಪ್ಯಾಕೇಜ್‌ನಲ್ಲಿ ವಾಲ್ವ್ ಇರೋದು ಮೇಲೆ, ನೆಲದ ಮಟ್ಟದಲ್ಲಿ. ನೀರಿನ ಟೆಸ್ಟ್‌ಗೆ ಹೇಗೋ ನಡೆಯುತ್ತೆ, ಗ್ಯಾಸ್‌ಗೆ ನಡೆಯಲ್ಲ. ಮೇಲಿಂದ ಪದರದವರೆಗೆ ಇರೋ ಪೈಪ್ ಪೂರ್ತಿ ಒತ್ತಿ ತುಂಬಿದ ಗ್ಯಾಸ್ ಇರುತ್ತೆ, ವಾಲ್ವ್ ಮುಚ್ಚಿದ ಮೇಲೂ ಅದು ಹಿಗ್ಗಿ ಹಿಗ್ಗಿ ಪದರದೊಳಗೆ ಹೋಗ್ತಾನೇ ಇರುತ್ತೆ, ಗೇಜ್‌ನಲ್ಲಿ ಕಾಣೋದು ಪದರದ ಕಥೆ ಅಲ್ಲ ಪೈಪ್‌ನ ಕಥೆ. ಪೈಪ್‌ನ ಕಥೆ ಮುಗಿದು ಪದರದ ಕಥೆ ಶುರುವಾಗೋಕೆ ತುಂಬಾ ಹೊತ್ತು ಬೇಕು. ಪ್ಯಾಕರ್ ಪಕ್ಕದಲ್ಲೇ, ಕೆಳಗೇ ಮುಚ್ಚೋ ವಾಲ್ವ್ ಇವರತ್ರ ಇದೆ, ಆದ್ರೆ ಅದು ಎಕ್ಸ್‌ಟ್ರಾ ಚಾರ್ಜ್, ಕೊಟೇಶನ್‌ನಲ್ಲಿ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಆಪ್ಷನಲ್ ಅಂತ ಬರೆದಿರ್ತಾರೆ. ಗ್ಯಾಸ್ ಟೆಸ್ಟ್‌ಗೆ ಅದು ಆಪ್ಷನಲ್ ಹೆಂಗಾಗುತ್ತೆ ಸ್ವಾಮಿ?

ಎರಡನೇದು ಆತುರ. ತುಂಬಿದ ಹೊತ್ತಿನ ಎರಡು ಪಟ್ಟಾದ್ರೂ ಬಂದ್ ಮಾಡಿ ಕಾಯ್ಬೇಕು ಅನ್ನೋದು ಫೀಲ್ಡ್‌ನಲ್ಲಿ ಎಲ್ಲರೂ ಒಪ್ಪೋ ರೂಢಿ, ಬಿಗಿ ಪದರ ಆದ್ರೆ ಇನ್ನೂ ಜಾಸ್ತಿ. ಆದ್ರೆ ರೇಟ್ ಇರೋದು ಟೆಸ್ಟ್ ಲೆಕ್ಕದಲ್ಲಿ, ಕಾಯೋ ರಾತ್ರಿಗೆ ದುಡ್ಡಿಲ್ಲ. ಹಾಗಾಗಿ ರಾತ್ರಿ ಆದ್ರೆ ಸಾಕು ಅವರ ಸೂಪರ್‌ವೈಸರ್ 'ಕರ್ವ್ ಚಪ್ಪಟೆ ಆಯ್ತು, ಎತ್ತೋಣ' ಅಂತ ಶುರು ಮಾಡ್ತಾನೆ. ಚಪ್ಪಟೆ ಆಗಿರಲ್ಲ, ಸ್ಕ್ರೀನ್ ಸ್ಕೇಲ್ ದೊಡ್ಡದಿರುತ್ತೆ ಅಷ್ಟೇ. ಕ್ರೂಗೆ ಗೊತ್ತು, ಆದ್ರೆ ಅವರೂ ಊಟ ಬಿಟ್ಟು ಕೂತಿರ್ತಾರೆ, ಏನನ್ನೋದು. ಒಂದು ಟೆಸ್ಟ್ ಅಂತೂ ಹೀಗೇ ಅರ್ಧಕ್ಕೆ ಎತ್ತಿಸಿದ್ರು, ನಾವು ಜಗಳ ಮಾಡಿ ಮತ್ತೆ ಮಾಡಿಸಿದ್ವಿ, ಎರಡನೇ ಸಲ ಪೂರ್ತಿ ಕಾದಾಗ ಬಂದ ಪರ್ಮಿಯಬಿಲಿಟಿ ಮೊದಲಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ.

ಇಲ್ಲೇ ಇನ್ನೊಂದು ವಿಷ್ಯ. ನೀರು ತುಂಬಿರೋ ಪದರಕ್ಕೆ ಗ್ಯಾಸ್ ಬಿಟ್ರೆ ಮೊದಮೊದಲು ಫ್ಲೋ ಕಮ್ಮಿ, ಗ್ಯಾಸ್ ನೀರನ್ನ ತಳ್ಳಿ ದಾರಿ ಮಾಡ್ಕೊಳ್ತಾ ಹೋದ ಹಾಗೆ ಅದೇ ಪ್ರೆಶರ್‌ಗೆ ಫ್ಲೋ ಏರುತ್ತೆ. ಹಾಗಾಗಿ ಬೆಳಗ್ಗೆಯ ನಂಬರ್ ಬೇರೆ, ಸಂಜೆಯ ನಂಬರ್ ಬೇರೆ, ಎರಡೂ ನಿಜವೇ. ಎಷ್ಟು ಒಣಗಿದಾಗ ಎಷ್ಟು ಹರಿಯಿತು ಅನ್ನೋ ಗೆರೆ ಬೇಕು, ಸರಾಸರಿ ಬೇಡ. ಇವರು ಸರಾಸರಿ ಕೊಟ್ರು.

ಇನ್ನು ರಿಪೋರ್ಟ್. ಅಯ್ಯೋ. ದಪ್ಪ ಪೇಪರ್, ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗ್, ಒಳಗೆ ಕೊನೇಲಿ ಪದರಕ್ಕೆಲ್ಲ ಸೇರಿ ಒಂದೇ ಒಂದು ಪರ್ಮಿಯಬಿಲಿಟಿ ನಂಬರ್. ದಿಕ್ಕಿಲ್ಲ, ದೆಸೆಯಿಲ್ಲ. ನಡುವಿನ ಬಾವಿಗೆ ಗಾಳಿ ಬಿಟ್ಟಾಗ ಒಂದು ಕಡೆ ಬಾವೀಲಿ ಬೇಗ, ಜಾಸ್ತಿ ಬಂತು, ಅದಕ್ಕೆ ಅಡ್ಡ ದಿಕ್ಕಿನ ಬಾವೀಲಿ ತಡವಾಗಿ ಸ್ವಲ್ಪ ಬಂತು, ಅದನ್ನ ಎಲ್ಲರೂ ಕಣ್ಣಾರೆ ನೋಡಿದೀವಿ. ಬಾವಿಗಳನ್ನ ಯಾವ ಸಾಲಲ್ಲಿ ಕೊರೀಬೇಕು ಅಂತ ತೀರ್ಮಾನ ಮಾಡೋಕೆ ಇಡೀ ಟೆಸ್ಟ್‌ನಲ್ಲಿ ಅದಕ್ಕಿಂತ ಮುಖ್ಯವಾದ ಮಾಹಿತಿ ಇಲ್ಲ, ರಿಪೋರ್ಟ್‌ನಲ್ಲಿ ಅದು ಒಂದು ಸಾಲು, ಅದೂ ಅಪೆಂಡಿಕ್ಸ್‌ನಲ್ಲಿ.

ಅದಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲೇ ಇತ್ತು. ಗ್ಯಾಸ್ ಹರಿವು ನೀರಿನ ಥರ ಪ್ರೆಶರ್ ವ್ಯತ್ಯಾಸಕ್ಕೆ ತಕ್ಕ ಹಾಗೆ ಏರಲ್ಲ, ಎರಡು ಕಡೆಯ ಪ್ರೆಶರ್‌ಗಳ ವರ್ಗದ ವ್ಯತ್ಯಾಸಕ್ಕೆ ತಕ್ಕಂತೆ ಏರುತ್ತೆ, ಅದೂ ಆಬ್ಸೊಲ್ಯೂಟ್ ಪ್ರೆಶರ್‌ನಲ್ಲಿ. ಸುಮ್ನೆ ಲೆಕ್ಕಕ್ಕೆ ತಗೊಳ್ಳಿ, ಈ ಕಡೆ 2 ಬಾರ್ ಆ ಕಡೆ 1 ಬಾರ್ ಇದ್ರೆ 4 ರಲ್ಲಿ 1 ಕಳೆದು 3. ಈ ಕಡೆ 4 ಬಾರ್ ಮಾಡಿದ್ರೆ 16 ರಲ್ಲಿ 1 ಕಳೆದು 15. ಪ್ರೆಶರ್ ಎರಡು ಪಟ್ಟು, ಫ್ಲೋ ಐದು ಪಟ್ಟು. ಇವರ ಎಕ್ಸೆಲ್ ಶೀಟ್‌ನಲ್ಲಿ ಹಾಕಿದ್ದು ಗೇಜ್ ಪ್ರೆಶರ್! ಗೇಜ್ ಅಂದ್ರೆ ವಾತಾವರಣದ ಒತ್ತಡ ಬಿಟ್ಟು ತೋರ್ಸೋದು, ಅದೇ ಉದಾಹರಣೆ ಗೇಜ್‌ನಲ್ಲಿ ಹಾಕಿದ್ರೆ 1 ಮತ್ತೆ 3, ವರ್ಗ ಮಾಡಿದ್ರೆ 1 ಮತ್ತೆ 9, ಅಂದ್ರೆ ಐದು ಪಟ್ಟಿನ ಜಾಗದಲ್ಲಿ ಒಂಬತ್ತು ಪಟ್ಟು ಬರ್ಬೇಕಿತ್ತು ಅಂತ ಶೀಟ್ ಹೇಳುತ್ತೆ, ಬಂದಿರಲ್ಲ, ಆಗ 'ಹೈ ರೇಟ್‌ನಲ್ಲಿ ಟರ್ಬುಲೆನ್ಸ್ ಇಂದ ಲಾಸ್' ಅಂತ ಒಂದು ಪ್ಯಾರಾಗ್ರಾಫ್ ಬರೆದು ಮುಗಿಸಿದ್ರು. ಟರ್ಬುಲೆನ್ಸೂ ಇಲ್ಲ ಏನೂ ಇಲ್ಲ, 1 ಬಾರ್ ಸೇರಿಸಿ ಮತ್ತೆ ಲೆಕ್ಕ ಹಾಕಿದ್ರೆ ಪಾಯಿಂಟ್‌ಗಳೆಲ್ಲ ಗೆರೆ ಮೇಲೆ ಬಂದು ಕೂತ್ವು. ಆಳದ ಪದರ, ಹೈ ಪ್ರೆಶರ್ ಆದ್ರೆ ಈ 1 ಬಾರ್ ಅಷ್ಟು ಕಾಡಲ್ಲ, ನೀರು ಇಳಿಸಿ ಕಡಿಮೆ ಪ್ರೆಶರ್‌ನಲ್ಲಿ ಮಾಡೋ ಟೆಸ್ಟ್‌ಗೆ ಪ್ರಾಣ ತೆಗೆಯುತ್ತೆ.

ಒಂದು ತಮಾಷೆನೂ ಇದೆ. ಪಕ್ಕದ ಅಬ್ಸರ್ವೇಶನ್ ಬಾವಿಯ ನೀರಿನ ಮಟ್ಟದ ಗ್ರಾಫ್‌ನಲ್ಲಿ ದಿನಾ ಎರಡೆರಡು ಅಲೆ ಕಾಣ್ತಿತ್ತು, ರಿಪೋರ್ಟ್‌ನಲ್ಲಿ ಅದಕ್ಕೆ 'ಸಲಕರಣೆ ನಾಯ್ಸ್' ಅಂತ ಹೆಸರು. ನಮ್ಮ ದೇಶದಲ್ಲಿ ವಾತಾವರಣದ ಒತ್ತಡ ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿದು, ರಾತ್ರಿ ಮತ್ತೆ ಏರುತ್ತೆ, ಗಡಿಯಾರ ಇಟ್ಟ ಹಾಗೆ. ಮುಚ್ಚಿದ ಪದರದ ಬಾವೀಲಿ ನೀರು ಅದಕ್ಕೆ ಉಲ್ಟಾ ಆಡುತ್ತೆ. ಅದು ಕಾಣ್ತಿದೆ ಅಂದ್ರೆ ಗೇಜ್ ಫಸ್ಟ್ ಕ್ಲಾಸ್ ಇದೆ, ಬಾವಿ ಪದರದ ಜೊತೆ ಚೆನ್ನಾಗಿ ಮಾತಾಡ್ತಿದೆ ಅಂತ ಅರ್ಥ. ತಮ್ಮ ಗೇಜ್‌ನ ತಾವೇ ಬೈಕೊಂಡಿದ್ದಾರೆ ಪಾಪ.

ಡ್ರಿಲ್ಲಿಂಗ್ ಇವರ ಕೈಲಿಲ್ಲ, ಬೇರೆ ಪಾರ್ಟಿದು, ಹಾಗಾಗಿ ಅದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ. ಆದ್ರೆ ನೀವು ಮಾಡ್ಸೋದಾದ್ರೆ ಪದರ ದಾಟುವಾಗ ಬರೀ ನೀರಲ್ಲಿ ಕೊರೀರಿ ಅಂತ ಡ್ರಿಲ್ಲರ್‌ಗೆ ಬರವಣಿಗೆಯಲ್ಲಿ ಕೊಡಿ. ಪಾಲಿಮರ್ರೋ ಬೆಂಟೊನೈಟ್ ಜೇಡಿಯೋ ಹಾಕಿದ್ರೆ ಕ್ಲೀಟ್ ಬಾಯಿ ಮುಚ್ಚಿಹೋಗುತ್ತೆ, ಆಮೇಲೆ ಟೆಸ್ಟಿಂಗ್‌ನೋರು ಎಷ್ಟೇ ಚೆನ್ನಾಗಿ ಮಾಡಿದ್ರೂ ಪದರ ಬಿಗಿ ಅಂತಲೇ ಬರೋದು.

ದುಡ್ಡಿನ ವಿಷ್ಯ, ರೇಟ್ ಕಮ್ಮಿ ಅಲ್ಲ, ಮೊಬಿಲೈಸೇಶನ್ ಚಾರ್ಜೇ, ಅಂದ್ರೆ ಸಲಕರಣೆ ಜನ ಎಲ್ಲ ಸೈಟ್‌ಗೆ ತರೋ ಖರ್ಚೇ, ದೊಡ್ಡ ಪಾಲು, ಹಾಗಾಗಿ ಒಂದೇ ಹೋಲ್‌ಗೆ ಕರೆಸೋದು ನಷ್ಟ, ಎಲ್ಲ ಹೋಲ್ ರೆಡಿ ಇಟ್ಕೊಂಡು ಒಟ್ಟಿಗೆ ಮಾಡ್ಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ಸಿಲಿಂಡರ್ ಲಾರಿ ಕೆಸರಲ್ಲಿ ಹೂತ್ರೆ ಕೆಲಸ ಇಲ್ದೆ ಕೂತ ಹೊತ್ತಿನ ಸ್ಟ್ಯಾಂಡ್‌ಬೈ ಬಿಲ್ ನಿಮ್ಮ ತಲೆಗೆ. ಕ್ರೂ ನಡವಳಿಕೆ ಚೆನ್ನಾಗಿದೆ, ಸೇಫ್ಟಿ ಬಗ್ಗೆ ಜೋರು, ಬೀಡಿ ಸೇದೋರನ್ನ ಗೇಟ್ ಆಚೆಗೇ ಅಟ್ಟಿದ್ರು. ಊಟ ನಮ್ಮ ಕ್ಯಾಂಪ್‌ದೇ, ಆಲೂ ಸಬ್ಜಿ ಬಿಟ್ರೆ ಆಲೂ ಸಬ್ಜಿ, ಅದಕ್ಕೆ ಅವರನ್ನ ಬೈಯೋಕಾಗಲ್ಲ.

ಕರ್ನಾಟಕದಲ್ಲಿ ಕಲ್ಲಿದ್ದಲು ಇಲ್ವಲ್ಲ ನಮಗ್ಯಾಕೆ ಅಂತ ಕೇಳೋರಿಗೆ, ಶಕ್ತಿನಗರದ ಆರ್‌ಟಿಪಿಎಸ್‌ಗೆ ಸಿಂಗರೇಣಿಯಿಂದ ರೈಲಲ್ಲಿ ಕಲ್ಲಿದ್ದಲು ಬರೋದು ಗೊತ್ತಲ್ಲ, ಅಗೆಯೋಕಾಗದಷ್ಟು ಆಳದ ಕಲ್ಲಿದ್ದಲು ದೇಶದಲ್ಲಿ ತುಂಬಾ ಇದೆ, ಈ ಪೈಲಟ್‌ಗಳೆಲ್ಲ ಕಣ್ಣಿಟ್ಟಿರೋದು ಅಂಥದ್ದರ ಮೇಲೆ. ಆಗುತ್ತೋ ಬಿಡುತ್ತೋ, ಟೆಸ್ಟ್ ಸರಿಯಾಗಿ ಮಾಡಿದ್ರೆ 'ಇಲ್ಲಿ ಬೇಡ' ಅನ್ನೋದಾದ್ರೂ ಅಗ್ಗದಲ್ಲಿ ಗೊತ್ತಾಗುತ್ತೆ.

ನನ್ನ ರೇಟಿಂಗ್, ಫೀಲ್ಡ್ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ರಿಪೋರ್ಟ್‌ಗೆ ಒಂದು, ಅದೂ ಬೈಂಡಿಂಗ್‌ಗೆ. ಮತ್ತೆ ಕರೆಸ್ತೀರಾ ಅಂದ್ರೆ ಖಂಡಿತ ಕರೆಸ್ತೀನಿ, ಆದ್ರೆ ವರ್ಕ್ ಆರ್ಡರ್ ನಾನು ಬರೆಯೋದಾದ್ರೆ ಇಂಟರ್‌ಪ್ರಿಟೇಶನ್ ಐಟಂ ತೆಗೆದುಹಾಕಿ ಆ ದುಡ್ಡಲ್ಲಿ ಕೆಳಗೆ ಮುಚ್ಚೋ ವಾಲ್ವ್ ಸೇರಿಸ್ತೀನಿ, ರೇಟ್‌ನ ಟೆಸ್ಟ್ ಲೆಕ್ಕದ ಬದಲು ಗಂಟೆ ಲೆಕ್ಕಕ್ಕೆ ಮಾಡಿ ಕಾಯೋ ಹೊತ್ತಿಗೂ ದುಡ್ಡು ಇಡ್ತೀನಿ, ಯಾವಾಗ ಎತ್ತಬೇಕು ಅಂತ ಹೇಳೋ ಅಧಿಕಾರ ಗಿರಾಕಿ ಕಡೆ ಜಿಯಾಲಜಿಸ್ಟ್‌ಗೆ ಅಂತ ಬರೀತೀನಿ, ಆಮೇಲೆ ಗೇಜ್‌ನ ಕಚ್ಚಾ ಡೇಟಾ ಒಂದೂ ಪಾಯಿಂಟ್ ಅಳಿಸದೆ, ಸೈಟ್ ಬಿಡೋ ದಿನವೇ ಪೆನ್‌ಡ್ರೈವ್‌ನಲ್ಲಿ ಕೈಗೆ ಕೊಟ್ರೇನೇ ಕೊನೇ ಬಿಲ್ ಪಾಸ್ ಅಂತ. ಈ ಕೊನೇದನ್ನ ನಮ್ಮ ಆರ್ಡರ್‌ನಲ್ಲಿ ಯಾರೋ ಪುಣ್ಯಾತ್ಮರು ಮೊದಲೇ ಹಾಕಿಟ್ಟಿದ್ರು, ಇಲ್ಲಾಂದ್ರೆ ಆ ಗೇಜ್ ಪ್ರೆಶರ್ ಲೆಕ್ಕ ನಮಗೂ ಗೊತ್ತಾಗ್ತಿರಲಿಲ್ಲ.